ತಾಯಿ ಕಾರ್ಡಿನಲ್ಲಿ ಕೀಲುಬೇನೆಗೆ ಜಾಗವೆಲ್ಲಿ?

ಲೋಕಾಪುರದ ಸರ್ಕಲ್ಲಿನಲ್ಲಿ ನಿಂತರೆ ಒಂದೊಂದು ದಾರಿಯೂ ಒಂದೊಂದು ದವಾಖಾನೆ ತೋರಿಸುತ್ತದೆ. ಬಡಗಲ ದಾರಿ ಮುಧೋಳದ ತಾಲ್ಲೂಕು ಆಸ್ಪತ್ರೆಗೆ. ಮೂಡಲ ದಾರಿ ಬಾಗಲಕೋಟೆಗೆ. ಅಲ್ಲಿ ಜಿಲ್ಲಾ ಆಸ್ಪತ್ರೆ ಇದೆ, ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನ ಹಾನಗಲ್ ಕುಮಾರೇಶ್ವರ ಆಸ್ಪತ್ರೆ ಇದೆ. ಪಡುವಲ ದಾರಿ ಯರಗಟ್ಟಿ ಹಾಯ್ದು ಬೆಳಗಾವಿಯ ಕೆಎಲ್‌ಇ ಆಸ್ಪತ್ರೆಗೆ. ತೆಂಕಲದ್ದು ರಾಮದುರ್ಗಕ್ಕೆ. ನಡುವೆ ಕಬ್ಬಿನ ಟ್ರ್ಯಾಕ್ಟರು, ಮುದ್ದಾಪುರದ ಕಡೆಯಿಂದ ಬರುವ ಸಿಮೆಂಟ್ ಲಾರಿ, ಎಲ್ಲದರ ಮೇಲೂ ತೆಳ್ಳನೆಯ ಬಿಳಿ ಧೂಳು. ಕಲಾದಗಿ ಸೀಮೆಯ ಹಳೆಯ ಶಿಲೆಗಳನ್ನು ವಿಂಗಡಿಸಿದ ಭೂವಿಜ್ಞಾನಿಗಳು ಅದರ ಒಂದು ಭಾಗಕ್ಕೆ ಲೋಕಾಪುರದ ಹೆಸರನ್ನೇ ಇಟ್ಟಿದ್ದಾರೆ. ಕಲ್ಲಿನಿಂದಾಗಿ ಪುಸ್ತಕ ಸೇರಿದ ಊರು. ನಾನು ಮಾತ್ರ ಇಲ್ಲಿ ಹುಡುಕಿ ಬಂದದ್ದು ಹೆಂಗಸರ ಕೀಲುಗಳ ಕತೆ.

ಈ ಕತೆ ದವಾಖಾನೆಯಲ್ಲಿ ಶುರುವಾಗುವುದಿಲ್ಲ, ಒಲೆಯ ಮುಂದೆ ಶುರುವಾಗುತ್ತದೆ. ಬೆಳಗಿನ ಹೊತ್ತು ಓಣಿಯಲ್ಲಿ ನಡೆದರೆ ಮನೆಮನೆಯಿಂದ ಜೋಳದ ರೊಟ್ಟಿ ಬಡಿಯುವ ಸದ್ದು. ರುಮಟಾಯ್ಡ್ ಸಂಧಿವಾತ ಮೊದಲು ಹಿಡಿಯುವುದು ಬೆರಳಿನ ಬುಡದ ಗಂಟು ಮತ್ತು ಮಣಿಕಟ್ಟನ್ನು. ರೊಟ್ಟಿ ಬಡಿಯಲು ಬೇಕಾದವೂ ಅವೇ. ಬಾಗಿಲಲ್ಲಿ ಕೂತು ಸೊಪ್ಪು ಸೋಸುತ್ತಿದ್ದ ಒಬ್ಬಾಕೆ, “ಮುಂಜಾನೆ ಕೈ ಮುಚ್ಚಾಕ ಬರಂಗಿಲ್ರಿ. ಬಿಸಿಲು ಏರಿದ ಮ್ಯಾಲ ಸಡಿಲ ಆಕ್ಕಾವ. ಅಷ್ಟೊತ್ತಿಗೆ ಎಲ್ಲಾರೂ ಉಂಡು ಹೋಗಿರತಾರ, ಬೈಸಿಕೊಂಡಿದ್ದೂ ಆಗಿರತದ” ಎಂದಳು. ವೈದ್ಯರು ಕೇಳುವ ಪ್ರಶ್ನೆಗೆ ಇದಕ್ಕಿಂತ ಚೊಕ್ಕ ಉತ್ತರ ಬೇಕಿಲ್ಲ. ದುಡಿದು ಸವೆದ ಕೀಲು ಸಂಜೆಗೆ ನೋಯುತ್ತದೆ. ಉರಿಯೂತದ ಕೀಲು ಬೆಳಿಗ್ಗೆ ಬಿಗಿದು, ಒಂದು ತಾಸೋ ಹೆಚ್ಚೋ ಹೊತ್ತು ಹಾಗೇ ಇದ್ದು, ಕೆಲಸ ಮಾಡುತ್ತಾ ಹೋದಂತೆ ಸಡಿಲಾಗುತ್ತದೆ. ಎರಡೂ ಕೈಯ ಗಂಟು ಬಾತು, ಈ ಬಿಗಿತ ಆರು ವಾರ ದಾಟಿದರೆ ರಕ್ತ ಪರೀಕ್ಷೆಯ ಮಾತು ಎತ್ತಲೇಬೇಕು.

ಆದರೆ ಈ ಕಡೆ ಕೀಲುನೋವಿಗೆ ಹೆಸರುಗಳು ಬೇಕಾದಷ್ಟಿವೆ. 2006ರ ಚಿಕುನ್‌ಗುನ್ಯಾ ಉತ್ತರ ಕರ್ನಾಟಕವನ್ನು ಹಾಸಿಗೆ ಹಿಡಿಸಿ ಹೋದ ಮೇಲೆ ಯಾವ ಗಂಟು ಬಾತರೂ ಅದರದ್ದೇ ಪಳೆಯುಳಿಕೆ ಎಂದು ಜನ ಸುಮ್ಮನಾಗುತ್ತಾರೆ. ಬಾಗಲಕೋಟೆ ಜಿಲ್ಲೆಯ ಕೆಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇದೆ. ಅದೂ ಬೆನ್ನು, ಮೊಣಕಾಲು ಬಿಗಿಯುತ್ತದೆ. ಇನ್ನು ಧೂಳು. ಸಿಲಿಕಾ ಧೂಳಿಗೂ ಸಂಧಿವಾತಕ್ಕೂ ನಂಟಿರುವುದು ನಿಜ. ಆದರೆ ಸಿಮೆಂಟಿನ ಸುಣ್ಣದಕಲ್ಲಿಗಿಂತ ಮರಳುಗಲ್ಲು, ಗ್ರಾನೈಟು ಒಡೆಯುವಲ್ಲಿ ಅದು ಹೆಚ್ಚು. ಹಾಗಾಗಿ ಕಾಣುವ ಬಿಳಿ ಧೂಳಿನ ಮೇಲೆ ಎಲ್ಲ ಹೊರೆ ಹೊರಿಸಲು ನಾನು ತಯಾರಿಲ್ಲ. ಗಂಡಸರಿಗಿಂತ ಎರಡು ಮೂರು ಪಟ್ಟು ಹೆಂಗಸರಿಗೆ ಬರುವ ರೋಗ ಇದು. ಇದರ ಬಳಗದ ಇನ್ನೊಂದು ಕಾಯಿಲೆ ಲೂಪಸ್; ಅದರಲ್ಲಿ ಹತ್ತು ರೋಗಿಗಳಿದ್ದರೆ ಒಂಬತ್ತು ಮಂದಿ ಹೆಂಗಸರು, ಬಹುಪಾಲು ಮಕ್ಕಳಾಗುವ ವಯಸ್ಸಿನವರು. ಮದುವೆ, ಬಸಿರು, ಬಾಣಂತನ, ಮಕ್ಕಳಾಗದ ಆಪರೇಷನ್ ಎಲ್ಲ ನಡೆಯುವ ವರ್ಷಗಳಲ್ಲೇ ಈ ರೋಗಗಳೂ ಮನೆ ಹೊಕ್ಕಿರುತ್ತವೆ.

ಮೆಡಿಕಲ್ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತೆ. ಚೀಟಿ ಇಲ್ಲದೆ ಕೈಗೆ ಸಿಗುವುದು ನೋವಿನ ಗುಳಿಗೆ. ಬಸುರಿಯೊಬ್ಬಳು ಅದನ್ನು ಐದು ತಿಂಗಳು ದಾಟಿದ ಮೇಲೂ ನುಂಗುತ್ತಿದ್ದರೆ ಮಗುವಿನ ಮೂತ್ರಪಿಂಡಕ್ಕೆ ಪೆಟ್ಟು, ಗರ್ಭದ ನೀರು ಕಡಿಮೆಯಾಗುವ ಭಯ. ಕೊನೆಯ ತಿಂಗಳುಗಳಲ್ಲಿ ಮಗುವಿನ ಹೃದಯದ ಪಕ್ಕದ ರಕ್ತನಾಳ ಹೊತ್ತಿಗೆ ಮುಂಚೆಯೇ ಮುಚ್ಚಿಕೊಳ್ಳುವ ಭಯ. ಚೀಟಿ ಇಟ್ಟುಕೊಂಡು ಬರುವವರ ಕೈಯಲ್ಲಿರುವುದು ಮೆಥೊಟ್ರೆಕ್ಸೇಟ್. ಸಂಧಿವಾತಕ್ಕೆ ಬೆನ್ನೆಲುಬಿನಂತಿರುವ ಔಷಧ, ಬೆಲೆಯೂ ಕಡಿಮೆ. ಆದರೆ ವಾರಕ್ಕೆ ಒಂದೇ ದಿನ. ದಿನಾ ನುಂಗಿದರೆ ಬಾಯಿಹುಣ್ಣು, ರಕ್ತಕಣಗಳ ಕುಸಿತ, ಜೀವಕ್ಕೇ ಕುತ್ತು. ಬಸಿರಿನಲ್ಲಿ ಅದು ಸುತರಾಂ ಕೂಡದು: ಗರ್ಭ ಇಳಿಯಬಹುದು, ಮಗುವಿಗೆ ಅಂಗದೋಷ ಬರಬಹುದು. ಮಗು ಬೇಕೆಂದರೆ ಒಂದರಿಂದ ಮೂರು ತಿಂಗಳು ಮುಂಚೆಯೇ ಬಿಡಬೇಕು. ಲೆಫ್ಲುನೊಮೈಡ್ ಎಂಬ ಇನ್ನೊಂದು ಗುಳಿಗೆ ಬಿಟ್ಟರೂ ಮೈಯಲ್ಲಿ ಎರಡು ವರ್ಷದವರೆಗೆ ಉಳಿಯಬಲ್ಲದು. ಅದನ್ನು ತೊಳೆದು ಹೊರಹಾಕಲು ಬೇರೆ ಔಷಧವೇ ಬೇಕು. ಇವುಗಳ ಬದಲಿಗೆ ಬಸಿರಿನಲ್ಲೂ ನಡೆಯುವ ಹೈಡ್ರಾಕ್ಸಿಕ್ಲೋರೊಕ್ವಿನ್, ಸಲ್ಫಾಸಲಜೀನ್, ಅಜಥಯೋಪ್ರಿನ್ ಇವೆ. ದಾರಿ ಇಲ್ಲದ್ದಲ್ಲ. ಬಸಿರು ನಿಲ್ಲುವ ಮುಂಚೆ ಆ ದಾರಿ ಹಿಡಿಯಬೇಕು, ಅಷ್ಟೆ. ಮದುವೆಯಾದ ವರ್ಷದೊಳಗೆ “ಏನರ ಸುದ್ದಿ ಐತೇನವಾ?” ಎಂದು ಅತ್ತೆಯಿಂದ ಹಿಡಿದು ಓಣಿಯವರೆಲ್ಲ ಕೇಳುವ ಊರಿನಲ್ಲಿ, ‘ಮೂರು ತಿಂಗಳು ತಡೀರಿ’ ಎಂದು ಸೊಸೆ ಹೇಳುವುದು ಎಷ್ಟು ಕಷ್ಟ ಎಂಬುದನ್ನು ಬೆಂಗಳೂರಿನಲ್ಲಿ ಚೀಟಿ ಬರೆಯುವವರು ಊಹಿಸಲಾರರು.

ತಡೆಯಲು ಬೇಕಾದ್ದು ಮಾತ್ರ ಊರಲ್ಲೇ ಸಿಗುತ್ತದೆ, ಅದೂ ಪುಕ್ಕಟೆ. ಉಪಕೇಂದ್ರದ ಕಪಾಟಿನಲ್ಲಿ ಇರುವುದು ನಿರೋಧ್, ಮಾಲಾ-ಎನ್, ವಾರದ ಗುಳಿಗೆ ‘ಛಾಯಾ’, ಮೂರು ತಿಂಗಳಿಗೊಮ್ಮೆ ಚುಚ್ಚುವ ‘ಅಂತರಾ’. ವಂಕಿಯನ್ನು, ಅಂದರೆ ಕಾಪರ್-ಟಿಯನ್ನು, ಹಾಕಿಸಿಕೊಳ್ಳಲೂ ದೂರ ಹೋಗಬೇಕಿಲ್ಲ. ಕೀಲುಬೇನೆಯವಳ ಕಣ್ಣಿನಿಂದ ಇದೇ ಕಪಾಟನ್ನು ನೋಡಿದರೆ ಲೆಕ್ಕ ಬೇರೆಯಾಗುತ್ತದೆ. ಮಾಲಾ-ಎನ್‌ನಲ್ಲಿ ಈಸ್ಟ್ರೋಜೆನ್ ಇದೆ. ಲೂಪಸ್ ಇದ್ದು, ರಕ್ತ ಹೆಪ್ಪುಗಟ್ಟಿಸುವ ಆಂಟಿಫಾಸ್ಫೋಲಿಪಿಡ್ ಪ್ರತಿಕಾಯಗಳೂ ಇದ್ದರೆ ಅದು ಅಪಾಯಕಾರಿ. ಅಂತರಾ ಚುಚ್ಚುಮದ್ದನ್ನು ಅಂಥವರು ಬಿಡುವುದೇ ಒಳ್ಳೆಯದು. ಬಹುದಿನದಿಂದ ಸ್ಟೀರಾಯ್ಡ್ ತೆಗೆದುಕೊಳ್ಳುವವರಿಗೂ ಅದು ಹೊಂದದು. ಮೊದಲೇ ತೆಳುವಾಗುತ್ತಿರುವ ಎಲುಬನ್ನು ಅದು ಇನ್ನಷ್ಟು ತೆಳುಮಾಡುತ್ತದೆ. ಛಾಯಾ ಗುಳಿಗೆಯನ್ನು ಮೊದಲ ಮೂರು ತಿಂಗಳು ವಾರಕ್ಕೆರಡು ಸಲ, ಆಮೇಲೆ ವಾರಕ್ಕೊಂದು ಸಲ ನುಂಗಬೇಕು. ಮೆಥೊಟ್ರೆಕ್ಸೇಟೂ ವಾರದ್ದೇ. ಸೋಮವಾರದ್ದು ಯಾವುದು, ಬೇಸ್ತವಾರದ್ದು ಯಾವುದು ಎಂದು ಪಟ್ಟಿಯ ಮೇಲೆ ಪೆನ್ನಿನಲ್ಲಿ ಬರೆದುಕೊಡುವವರಿದ್ದರೆ ಸರಿ, ಇಲ್ಲದಿದ್ದರೆ ಒಂದೇ ಡಬ್ಬಿಯಲ್ಲಿ ಎರಡೂ ಬೆರೆತು ಅನಾಹುತ.

ಎಲ್ಲರಿಗಿಂತ ಸಲೀಸಾಗಿ ಪಾಸಾಗುವುದು ವಂಕಿ. ಆದರೆ ಅದರ ಮೇಲೇ ಅನುಮಾನ ಹೆಚ್ಚು: ರೋಗನಿರೋಧಕ ಶಕ್ತಿ ತಗ್ಗಿಸುವ ಗುಳಿಗೆ ತಿನ್ನುವವಳಿಗೆ ಒಳಗೆ ನಂಜಾಗುತ್ತದೆ ಎಂಬ ಭಯ ಜನರಲ್ಲಿದೆ, ಕೆಲವು ಸಿಬ್ಬಂದಿಯಲ್ಲೂ ಇದೆ. ಅಮೆರಿಕದ ರುಮಟಾಲಜಿ ಕಾಲೇಜು 2020ರಲ್ಲಿ ಹೊರತಂದ ಸಂತಾನ ಆರೋಗ್ಯದ ಮಾರ್ಗಸೂಚಿ ಈ ಭಯವನ್ನು ಒಪ್ಪುವುದಿಲ್ಲ. ಇಂಥವರಿಗೂ ವಂಕಿಯನ್ನು ಅದು ಶಿಫಾರಸು ಮಾಡುತ್ತದೆ. ತಾಮ್ರದ ವಂಕಿಯಿಂದ ಮುಟ್ಟಿನ ಸ್ರಾವ ಹೆಚ್ಚಬಹುದು ಎನ್ನುವುದನ್ನು ಮಾತ್ರ, ರಕ್ತಹೀನತೆ ಸಾಮಾನ್ಯವಾಗಿರುವ ನಮ್ಮ ಕಡೆ, ಮೊದಲೇ ಹೇಳಿಬಿಡಬೇಕು.

ತಾಯಿ ಕಾರ್ಡಿನ ವಿಷಯಕ್ಕೆ ಬಂದೆ. ಬಸಿರು ನಿಂತಿತೆಂದರೆ ಇಲ್ಲಿನ ವ್ಯವಸ್ಥೆ ಚುರುಕಾಗುತ್ತದೆ: ಆಶಾ ಮನೆಗೆ ಬರುತ್ತಾಳೆ, ಕಾರ್ಡು ಆಗುತ್ತದೆ, ಕಬ್ಬಿಣದ ಗುಳಿಗೆ, ಕ್ಯಾಲ್ಸಿಯಂ ಗುಳಿಗೆ, ತಿಂಗಳ 9ನೇ ತಾರೀಕಿಗೆ ವೈದ್ಯರಿಂದ ತಪಾಸಣೆ. ಬಿಪಿ, ಸಕ್ಕರೆ, ಹಿಮೋಗ್ಲೋಬಿನ್, ಹಿಂದಿನ ಸಿಜೇರಿಯನ್ ಎಲ್ಲ ಕೇಳುತ್ತಾರೆ. ‘ಕೀಲಿಗೆ ಏನರ ಗುಳಿಗಿ ತಗೋತಿಯೇನವಾ?’ ಎಂದು ಕೇಳುವ ರೂಢಿ ಇಲ್ಲ. ಅವಳೂ ಹೇಳುವುದಿಲ್ಲ, ಸೊಸೆಗೆ ಬೇನೆ ಇದೆ ಎಂದು ಊರಿಗೆ ತಿಳಿಯುವುದು ಯಾರಿಗೆ ಬೇಕು? ಹೀಗಾಗಿ ಎಕ್ಸರೇ, ರಕ್ತದ ವರದಿಗಳ ಚೀಲ ಒಂದು ಮೊಳೆಗೆ, ತಾಯಿ ಕಾರ್ಡಿನ ಚೀಲ ಇನ್ನೊಂದು ಮೊಳೆಗೆ. ಎರಡನ್ನೂ ಒಟ್ಟಿಗೆ ಬಿಚ್ಚಿ ನೋಡಿದವರಿಲ್ಲ.

ನೋಡಿದ್ದರೆ ಏನು ಮಾಡಬಹುದಿತ್ತು? ಲೂಪಸ್ ಇರುವ ಬಸುರಿಗೆ ಬಿಪಿ ಏರಿ ನಂಜು ಬರುವ ಸಂಭವ ಹೆಚ್ಚು. ಅದನ್ನು ತಗ್ಗಿಸಲು ಮೊದಲ ಮೂರು ತಿಂಗಳೊಳಗೇ ದಿನಕ್ಕೊಂದು ಸಣ್ಣ ಪ್ರಮಾಣದ ಆಸ್ಪಿರಿನ್ ಶುರುಮಾಡುತ್ತಾರೆ. ಈ ಆಸ್ಪಿರಿನ್ನಿಗೂ ಪಡುವಲ ದಾರಿಯ ತುದಿಗೂ ನಂಟಿದೆ. ಆರು ದೇಶಗಳಲ್ಲಿ ಹೆಚ್ಚುಕಡಿಮೆ 12,000 ಚೊಚ್ಚಲ ಬಸುರಿಯರ ಮೇಲೆ 81 ಮಿಲಿಗ್ರಾಂ ಆಸ್ಪಿರಿನ್ನಿನ ಪರೀಕ್ಷೆ ನಡೆಯಿತು. ಅದರ ನೆಲೆಗಳಲ್ಲಿ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜೂ ಒಂದು. 2020ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಫಲಿತಾಂಶ ಪ್ರಕಟಿಸಿತು: ದಿನ ತುಂಬುವ ಮುಂಚಿನ ಹೆರಿಗೆ ಶೇ 13.1ರಿಂದ ಶೇ 11.6ಕ್ಕೆ ಇಳಿದಿತ್ತು. ಆ ಬಸುರಿಯರು ಕೀಲುರೋಗದವರಲ್ಲ, ಸಾಮಾನ್ಯ ಹಳ್ಳಿ ಹೆಣ್ಣುಮಕ್ಕಳು. ಲೂಪಸ್‌ಗೆ ಅದೇ ಅಂಕಿ ಹಚ್ಚಲು ಬರುವುದಿಲ್ಲ. ಆದರೂ ಈ ಸೀಮೆಯ ಹಳ್ಳಿಗಳಲ್ಲಿ ಬಸಿರಿನ ಮೊದಲ ತಿಂಗಳುಗಳಲ್ಲೇ ಗುಳಿಗೆ ಮುಟ್ಟಿಸುವುದು ಆಗದ ಮಾತು ಎಂದು ಇನ್ನು ಯಾರೂ ಹೇಳುವಂತಿಲ್ಲ.

ಇನ್ನೊಂದು ಪರೀಕ್ಷೆಯಿದೆ, ಆಂಟಿ-ರೋ ಪ್ರತಿಕಾಯದ್ದು. ಅದು ತಾಯಿಯ ರಕ್ತದಲ್ಲಿದ್ದರೆ ನೂರರಲ್ಲಿ ಸುಮಾರು ಎರಡು ಶಿಶುಗಳಿಗೆ ಗರ್ಭದಲ್ಲೇ ಹೃದಯದ ಬಡಿತ ತಡೆದು ನಿಧಾನವಾಗುತ್ತದೆ. ಮೊದಲ ಮಗುವಿಗೆ ಹಾಗಾಗಿದ್ದರೆ ಎರಡನೆಯದಕ್ಕೆ ಆ ಸಂಭವ ಹಲವು ಪಟ್ಟು ಏರುತ್ತದೆ. ಹೈಡ್ರಾಕ್ಸಿಕ್ಲೋರೊಕ್ವಿನ್ ಬಿಡದೆ ನುಂಗುವುದು, ನಾಲ್ಕನೇ ತಿಂಗಳಿನಿಂದ ಮಗುವಿನ ಹೃದಯದ ಸ್ಕ್ಯಾನ್ ಮಾಡಿಸುವುದು ಉಪಾಯ. ‘ಬಸುರಾಗಿ, ಎಲ್ಲಾ ಗುಳಿಗಿ ಬಿಡು’ ಎಂಬ ಹಿರಿಯರ ಮಾತು ಇಲ್ಲಿ ತಿರುವುಮುರುವಾಗಿ ಕೆಲಸ ಮಾಡುತ್ತದೆ.

ಬಾಣಂತನಕ್ಕೆ ಬಂದರೆ ಕತೆ ಇನ್ನೂ ಸೂಕ್ಷ್ಮ. ಬಸಿರಿನಲ್ಲಿ ಸಂಧಿವಾತ ಎಷ್ಟೋ ಜನರಿಗೆ ತಾನಾಗಿ ತಗ್ಗುತ್ತದೆ. ಅಮೆರಿಕದ ಮೇಯೋ ಕ್ಲಿನಿಕ್ಕಿನ ಫಿಲಿಪ್ ಹೆಂಚ್ 1930ರ ದಶಕದಲ್ಲಿ ಇದನ್ನೇ ಗಮನಿಸಿ, ಮೈಯೊಳಗಿನ ಯಾವುದೋ ರಸ ಈ ಕೆಲಸ ಮಾಡುತ್ತಿದೆ ಎಂದು ಬೆನ್ನುಹತ್ತಿದ. ಕೊನೆಗೆ ಕಾರ್ಟಿಸೋನ್ ಸಿಕ್ಕಿತು; 1950ರಲ್ಲಿ ಇನ್ನಿಬ್ಬರ ಜೊತೆ ನೊಬೆಲ್ ಬಂತು. ಆದರೆ ಹೆರಿಗೆಯಾದ ಕೆಲವು ವಾರ, ತಿಂಗಳಲ್ಲಿ ಬೇನೆ ಮರಳಿ ಕೆರಳುತ್ತದೆ. ಆ ಹೊತ್ತಿಗೆ ಅವಳು ಗಂಡನ ಮನೆಯಲ್ಲಿರುವುದಿಲ್ಲ. ಬೀಳಗಿಯೋ ಜಮಖಂಡಿಯೋ ರಬಕವಿಯೋ, ತವರಿನಲ್ಲಿರುತ್ತಾಳೆ. ಎಕ್ಸರೇ ಚೀಲ ಲೋಕಾಪುರದ ಮೊಳೆಯಲ್ಲೇ ಉಳಿದಿರುತ್ತದೆ. ತವರಿನವರಿಗೆ ಕಾರಣ ಸಿದ್ಧವಿದೆ: “ಥಂಡಿ ನೀರಾಗ ಕೈ ಹಾಕ್ಯಾಳ, ವಾಯು ಹೊಕ್ಕೈತಿ.” ಕಿವಿಗೆ ಅರಿವೆ ಕಟ್ಟಿ, ಹೊರಸಿನ ಕೆಳಗೆ ಕೆಂಡ ಇಟ್ಟು ಕಾಯಿಸುತ್ತಾರೆ. ಬಿಸಿಯಿಂದ ನೋವು ಹಗುರಾಗುವುದೂ ಸುಳ್ಳಲ್ಲ. ಅಜ್ಜಿಯರನ್ನು ಗೇಲಿ ಮಾಡಲು ನನಗೆ ಮನಸ್ಸಿಲ್ಲ. ಆದರೆ ಕೆಂಡ ಕೀಲಿನ ಸವೆತ ತಡೆಯುವುದಿಲ್ಲ. ಮೊಲೆಯುಣಿಸುವಾಗ ಮೆಥೊಟ್ರೆಕ್ಸೇಟ್ ಬೇಡ. ಹೈಡ್ರಾಕ್ಸಿಕ್ಲೋರೊಕ್ವಿನ್ ನಡೆಯುತ್ತದೆ, ಸಣ್ಣ ಪ್ರಮಾಣದ ಪ್ರೆಡ್ನಿಸೊಲೋನ್ ನಡೆಯುತ್ತದೆ. ಕೂಸನ್ನು ಎತ್ತಲು ಬಾರದ ಕೈಯ ತಾಯಿಗೆ ಇದನ್ನು ಹೇಳುವವರು ಬೇಕು.

ಎರಡೋ ಮೂರೋ ಮಕ್ಕಳಾದ ಮೇಲೆ ಆಪರೇಷನ್. ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ಅದೇ ಕುಟುಂಬ ಯೋಜನೆ. ಅದರೊಂದಿಗೆ ಅವಳ ಕಡತವೂ ಮುಚ್ಚಿಹೋದಂತೆ. ಸಂಧಿವಾತ ಬಹಳ ಜನರಿಗೆ ಕಾಣಿಸಿಕೊಳ್ಳುವುದೇ ಇದಾದ ಮೇಲೆ, ಮೂವತ್ತರಿಂದ ಐವತ್ತರ ನಡುವೆ. ನಿರೋಧಕ ಶಕ್ತಿ ತಗ್ಗಿಸುವ ಔಷಧ ತಿನ್ನುವವರಿಗೆ, ಅದರಲ್ಲೂ ಲೂಪಸ್ ಇದ್ದವರಿಗೆ, ಗರ್ಭಕಂಠದಲ್ಲಿ ಎಚ್‌ಪಿವಿ ವೈರಸ್ಸು ಬೀಡುಬಿಡುವುದು ಹೆಚ್ಚು. ಕ್ಯಾನ್ಸರಿಗೆ ಮುಂಚಿನ ಮಾರ್ಪಾಡುಗಳೂ ಹೆಚ್ಚು. ಸರ್ಕಾರಿ ಕಾರ್ಯಕ್ರಮದಲ್ಲಿ 30 ದಾಟಿದ ಹೆಂಗಸರಿಗೆ ಅಸಿಟಿಕ್ ಆಮ್ಲ ಸವರಿ ನೋಡುವ ಪರೀಕ್ಷೆ ಇದೆ. ವಿನೆಗರಿನಲ್ಲಿ ಇರುವುದೂ ಅದೇ. ಬಿಳಿ ಕಲೆ ಎದ್ದರೆ ಮುಂದಿನ ತಪಾಸಣೆ. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 30ರಿಂದ 49ರ ವಯಸ್ಸಿನ ನೂರು ಹೆಂಗಸರಲ್ಲಿ ಒಮ್ಮೆಯಾದರೂ ಗರ್ಭಕಂಠದ ತಪಾಸಣೆ ಆದವರು ಇಬ್ಬರೂ ಇಲ್ಲ. ನಮಗೆ ದೂರವಲ್ಲದ, ಆಗಿನ ಉಸ್ಮಾನಾಬಾದ್ ಜಿಲ್ಲೆಯ ಸುಮಾರು 1.3 ಲಕ್ಷ ಗ್ರಾಮೀಣ ಹೆಂಗಸರ ಅಧ್ಯಯನ 2009ರಲ್ಲಿ ತೋರಿಸಿದ್ದು, ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ ಮಾಡಿದರೂ ಆ ಕ್ಯಾನ್ಸರಿನ ಸಾವು ಅರ್ಧಕ್ಕೆ ಇಳಿಯುತ್ತದೆ ಎಂದು. ಕೀಲುಬೇನೆಯವಳನ್ನು ಆ ಸಾಲಿನಲ್ಲಿ ಮೊದಲು ನಿಲ್ಲಿಸಬೇಕು; ಅವಳಿಗೆ ತಪಾಸಣೆ ಉಳಿದವರಿಗಿಂತ ಬೇಗಬೇಗ ಆಗಬೇಕು. ಸ್ಟೀರಾಯ್ಡ್ ನುಂಗುವವಳಿಗೆ ಎಲುಬಿನ ಲೆಕ್ಕವೂ ಹಾಗೇ. ಬಸಿರಿನಲ್ಲಿ ಕೊಟ್ಟ ಕ್ಯಾಲ್ಸಿಯಂ ಗುಳಿಗೆ ಆಮೇಲೆ ನಿಂತುಹೋಗಿರುತ್ತದೆ, ಸ್ಟೀರಾಯ್ಡ್ ಮಾತ್ರ ನಿಂತಿರುವುದಿಲ್ಲ.

ರುಮಟಾಲಜಿ ತಜ್ಞರು ಹೆಚ್ಚಾಗಿ ಬೆಂಗಳೂರಿನಲ್ಲಿದ್ದಾರೆ; ಹುಬ್ಬಳ್ಳಿ, ಬೆಳಗಾವಿಗೆ ಹೋಗಿಬರುವುದೆಂದರೂ ಒಂದು ದಿನದ ಕೂಲಿ ಹೋಯಿತು. ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನ ಟಿಕೆಟ್ ಖರ್ಚು ತಪ್ಪಿದೆ, ಜೊತೆಗೆ ಬರುವ ಗಂಡನದ್ದು ತಪ್ಪಿಲ್ಲ. ತಜ್ಞರು ಲೋಕಾಪುರಕ್ಕೆ ಬಂದು ಕೂರಲಿ ಎಂದು ಕೇಳುವುದು ಸದ್ಯಕ್ಕೆ ದೂರದ ಮಾತು. ಹತ್ತಿರದ್ದು ಬೇರೆ ಇದೆ. ಉಪಕೇಂದ್ರದ ಹೊರಗೆ ಮಾತಿಗೆ ಸಿಕ್ಕ ಆಶಾ ಕಾರ್ಯಕರ್ತೆಗೆ ಮೆಥೊಟ್ರೆಕ್ಸೇಟಿನ ಪಟ್ಟಿ ತೋರಿಸಿ, ಇದನ್ನು ನೋಡಿದ್ದೀರಾ ಎಂದೆ. ಆಕೆ ತಿರುವಿ ತಿರುವಿ ನೋಡಿ, “ಹಳದಿ ಗುಳಿಗಿ ಹೌದಲ್ರಿ? ನಮ್ಮ ಓಣ್ಯಾಗ ಇಬ್ಬರ ಮನ್ಯಾಗ ಅದಾವ. ಒಬ್ಬಾಕಿಗೆ ಮೊನ್ನೆ ಮದಿವಿ ಆಗೇತಿ” ಎಂದಳು. ಹೆಸರನ್ನು ತನ್ನ ಡೈರಿಯ ಹಿಂಬದಿಯಲ್ಲಿ ಕನ್ನಡದಲ್ಲಿ ಬರೆದುಕೊಂಡು, ಇದಕ್ಕೆ ಯಾವ ಕಾಲಂ ಹಾಕಬೇಕು ಎಂದು ನನ್ನನ್ನೇ ಕೇಳಿದಳು.