ನೈನಿತಾಲ್‌ನಲ್ಲಿ ಒಂದು ದಿನ: ಕೆರೆಯೇ ಊರು, ಊರೇ ಕೆರೆ

ಊಟಿ, ಕೊಡೈಕೆನಾಲ್‌ಗಳ ಕೆರೆಗಳನ್ನು ಕಂಡ ಕನ್ನಡಿಗರಿಗೆ ಗಿರಿಧಾಮದ ಕೆರೆ ಹೊಸತಲ್ಲ. ಆದರೆ ಅವೆರಡೂ ಬ್ರಿಟಿಷ್ ಅಧಿಕಾರಿಗಳು ಕಟ್ಟಿಸಿದ ಕೆರೆಗಳು. ಉತ್ತರಾಖಂಡದ ಕುಮಾವೂ ಬೆಟ್ಟಸಾಲಿನಲ್ಲಿರುವ ನೈನಿತಾಲ್‌ನ ಕೆರೆ ಪ್ರಕೃತಿಯೇ ನಿರ್ಮಿಸಿದ್ದು. ಸಮುದ್ರಮಟ್ಟದಿಂದ 1,900 ಮೀಟರ್‌ಗೂ ಹೆಚ್ಚು ಎತ್ತರದಲ್ಲಿ, ಏಳು ಬೆಟ್ಟಗಳ ನಡುವಿನ ಬಟ್ಟಲಲ್ಲಿ ನಿಂತ ಈ ನೀರಿನ ಸುತ್ತ 1840ರ ದಶಕದಲ್ಲಿ ಊರು ಬೆಳೆಯತೊಡಗಿತು. ಇಂದು ಲಕ್ಷಾಂತರ ಪ್ರವಾಸಿಗರನ್ನು ಸೆಳೆಯುವುದೂ, ಊರಿಗೆ ಕುಡಿಯುವ ನೀರು ಕೊಡುವುದೂ ಇದೇ ಕೆರೆ. ಆದ್ದರಿಂದ ಇಲ್ಲಿ ಒಂದು ದಿನ ಸುತ್ತಾಡುವುದೆಂದರೆ ಒಂದು ಸೂಕ್ಷ್ಮ ವ್ಯವಸ್ಥೆಯ ಒಳಗೆ ಹೆಜ್ಜೆಯಿಟ್ಟಂತೆ.

ಬೆಳಗು: ಹಿಮಶಿಖರಗಳ ದರ್ಶನ

ದೆಹಲಿಯಿಂದ ರಾತ್ರಿ ಹೊರಡುವ ರೈಲು ಬೆಳಗಿನ ಜಾವಕ್ಕೆ ಕಾಠಗೋದಾಮ್ ತಲುಪುತ್ತದೆ. ಅಲ್ಲಿಂದ ಅಂಕುಡೊಂಕಿನ ಘಾಟಿ ರಸ್ತೆಯಲ್ಲಿ 34 ಕಿ.ಮೀ. ಏರಿದರೆ ಮೊದಲು ಸಿಗುವುದು ಕೆರೆಯ ಕೆಳತುದಿಯ ತಲ್ಲಿತಾಲ್. ಮೇಲ್ತುದಿ ಮಲ್ಲಿತಾಲ್. ಇವೆರಡನ್ನೂ ಕೆರೆಯಂಚಿನ ಮಾಲ್ ರಸ್ತೆ ಬೆಸೆಯುತ್ತದೆ.

ಮೋಡ ಕವಿಯುವ ಮುನ್ನವೇ ಮಲ್ಲಿತಾಲ್‌ನಿಂದ ರೋಪ್‌ವೇ ಏರಿ ಸ್ನೋ ವ್ಯೂ ತಲುಪುವುದು ಜಾಣತನ. ಸುಮಾರು 2,270 ಮೀಟರ್ ಎತ್ತರದ ಈ ತಾಣದಿಂದ 7,816 ಮೀಟರ್ ಎತ್ತರದ ನಂದಾದೇವಿ ಹಾಗೂ ತ್ರಿಶೂಲ ಶಿಖರಗಳು ಕಾಣುತ್ತವೆ. ಮಳೆಗಾಲ ಮುಗಿದು ಗಾಳಿಯ ಧೂಳು ತೊಳೆದುಹೋಗಿರುವ ಅಕ್ಟೋಬರ್, ನವೆಂಬರ್ ತಿಂಗಳುಗಳು ಇದಕ್ಕೆ ಪ್ರಶಸ್ತ.

ಮಧ್ಯಾಹ್ನ: ಸಾಹಸದ ಹಾದಿ

ಬಾರಾಪತ್ಥರ್ ಎಂಬಲ್ಲಿ ಬಂಡೆ ಏರುವ ತರಬೇತಿ ನಡೆಯುತ್ತದೆ. ಹಗ್ಗ, ಶಿರಸ್ತ್ರಾಣ, ಸೊಂಟದ ಪಟ್ಟಿ ಮೂರೂ ಇದ್ದು, ಮಾರ್ಗದರ್ಶಕರು ಮೇಲಿನಿಂದ ಹಗ್ಗ ಹಿಡಿದಿದ್ದರೆ ಹೊಸಬರೂ ಧೈರ್ಯವಾಗಿ ಯತ್ನಿಸಬಹುದು. ಗಾಳಿಯಲ್ಲಿ ತೇಲುವ ಆಸೆಯಿದ್ದವರು ಸುಮಾರು 22 ಕಿ.ಮೀ. ದೂರದ ಭೀಮತಾಲ್ ಕಡೆಗೆ ಹೋಗಬೇಕು. ಅಲ್ಲಿ ಪರಿಣತ ಚಾಲಕನೊಂದಿಗೆ ಜೋಡಿಯಾಗಿ ಪ್ಯಾರಾಗ್ಲೈಡಿಂಗ್ ಮಾಡಬಹುದು. ಈ ಹಾರಾಟ ಸಂಪೂರ್ಣ ಗಾಳಿಯನ್ನೇ ಅವಲಂಬಿಸಿದೆ. ಗಾಳಿ ಸರಿಯಿಲ್ಲವೆಂದು ಚಾಲಕ ಹಾರಲು ನಿರಾಕರಿಸಿದರೆ ಒತ್ತಾಯಿಸದಿರುವುದೇ ಕ್ಷೇಮ.

ಟಿಫಿನ್ ಟಾಪ್ ಎಂಬ ಬೆಟ್ಟದ ತುದಿಗೆ ನಡೆದು ಅಥವಾ ಕುದುರೆಯೇರಿ ಹೋಗುವುದು ಬಹುಕಾಲದ ರೂಢಿ. ಅಲ್ಲಿದ್ದ ‘ಡೊರೊತಿ ಸೀಟ್’ ಎಂಬ ಕಲ್ಲಿನ ಆಸನ 2024ರ ಆಗಸ್ಟ್‌ನಲ್ಲಿ ಭೂಕುಸಿತಕ್ಕೆ ಸಿಲುಕಿ ಉರುಳಿತು. ಈ ಹಾದಿ ಹಿಡಿಯುವ ಮುನ್ನ ಸ್ಥಳೀಯ ಆಡಳಿತದ ಸೂಚನೆಯನ್ನು ವಿಚಾರಿಸುವುದು ಅಗತ್ಯ.

ಸಾಹಿತ್ಯಾಸಕ್ತರಿಗೆ ಇನ್ನೊಂದು ಆಕರ್ಷಣೆ ಗರ್ನಿ ಹೌಸ್. ಪೂರ್ಣಚಂದ್ರ ತೇಜಸ್ವಿಯವರ ಅನುವಾದದ ಮೂಲಕ ಕನ್ನಡಿಗರಿಗೆ ಪರಿಚಿತರಾದ ಬೇಟೆಗಾರ, ಲೇಖಕ ಜಿಮ್ ಕಾರ್ಬೆಟ್ ಹುಟ್ಟಿದ್ದು 1875ರಲ್ಲಿ ಇದೇ ಊರಿನಲ್ಲಿ. 1947ರಲ್ಲಿ ಕೀನ್ಯಾಕ್ಕೆ ತೆರಳುವವರೆಗೂ ಅವರು ಸೋದರಿಯೊಂದಿಗೆ ಈ ಮನೆಯಲ್ಲಿ ವಾಸಿಸಿದ್ದರು.

ಸಂಜೆ: ದೋಣಿ ಮತ್ತು ದೇಗುಲ

ಕೆರೆಯಲ್ಲಿ ಯಂತ್ರದ ದೋಣಿಗಳಿಗೆ ಅವಕಾಶವಿಲ್ಲ. ಹುಟ್ಟು ಹಾಕುವ ದೋಣಿ, ಕಾಲಿನಿಂದ ತುಳಿಯುವ ದೋಣಿ ಹಾಗೂ ಹಾಯಿದೋಣಿಗಳೇ ಇಲ್ಲಿಯ ಸೊಬಗು. ಉತ್ತರ ದಂಡೆಯಲ್ಲಿ ನೈನಾದೇವಿ ಮಂದಿರವಿದೆ. ಸತಿಯ ಕಣ್ಣು ಬಿದ್ದ ಸ್ಥಳವಿದು ಎಂಬುದು ಭಕ್ತರ ನಂಬಿಕೆ. ಊರಿಗೆ ಹೆಸರು ಬಂದದ್ದೂ ಅದರಿಂದಲೇ.

ಮಂದಿರದ ಪಕ್ಕದ ವಿಶಾಲ ಮೈದಾನವನ್ನು ‘ಫ್ಲಾಟ್ಸ್’ ಎನ್ನುತ್ತಾರೆ. ಸಂಜೆ ಅಲ್ಲಿ ಚೆಂಡಾಡುವ ಮಕ್ಕಳನ್ನು ಕಂಡವರಿಗೆ ಅದರ ಹಿಂದಿನ ದುರಂತ ಹೊಳೆಯುವುದಿಲ್ಲ. 1880ರ ಸೆಪ್ಟೆಂಬರ್ 18ರಂದು ಸತತ ಮಳೆಗೆ ಬೆಟ್ಟ ಕುಸಿದು 151 ಜನರು ಸತ್ತರು. ಹಳೆಯ ಮಂದಿರವೂ ಮಣ್ಣುಪಾಲಾಯಿತು. ಕೆರೆಯ ಒಂದು ಭಾಗವನ್ನು ತುಂಬಿದ ಆ ಮಣ್ಣು ಈ ಮೈದಾನವನ್ನು ಹಿಗ್ಗಿಸಿತು. ಆ ಬಳಿಕ ಮಳೆನೀರು ಮಣ್ಣಿಗಿಳಿದು ಇಳಿಜಾರನ್ನು ಸಡಿಲಗೊಳಿಸದಂತೆ ಬೆಟ್ಟಗಳ ಮೈಮೇಲೆ ಕಲ್ಲಿನ ಚರಂಡಿಗಳ ಜಾಲ ಹೆಣೆಯಲಾಯಿತು. ಇಂದಿಗೂ ಊರನ್ನು ಕಾಯುತ್ತಿರುವುದು ಈ ಚರಂಡಿಗಳೇ. ಅವುಗಳಿಗೆ ಎಸೆದ ಪ್ಲಾಸ್ಟಿಕ್ ಮೊದಲು ನೀರಿನ ದಾರಿ ಕಟ್ಟುತ್ತದೆ, ಬಳಿಕ ಕೆರೆ ಸೇರುತ್ತದೆ.

ಕೆರೆಯ ಆರೋಗ್ಯ

ಕೆರೆಗೆ ಚಳಿಗಾಲದಲ್ಲಿ ಇನ್ನೊಂದು ಸಂಕಟ ಕಾಡುತ್ತಿತ್ತು. ಕೊಳೆತ ವಸ್ತು ತಳ ಸೇರಿ ಅಲ್ಲಿಯ ಆಮ್ಲಜನಕ ಬರಿದಾಗುತ್ತಿತ್ತು. ಮೇಲಿನ ನೀರು ತಣ್ಣಗಾಗಿ ಕೆಳಗಿಳಿದಾಗ ತಳದ ನೀರು ಮೇಲೆದ್ದು ಮೀನುಗಳು ಸಾಯುತ್ತಿದ್ದವು. ಇದನ್ನು ತಡೆಯಲು 2007ರಿಂದ ಕೆರೆಯ ತಳಕ್ಕೆ ಕೊಳವೆಗಳ ಮೂಲಕ ಗಾಳಿ ಹಾಯಿಸಲಾಗುತ್ತಿದೆ. ನೀರಿನ ಮೇಲೆ ಅಲ್ಲಲ್ಲಿ ಏಳುವ ಗುಳ್ಳೆಗಳು ಅದರ ಗುರುತು.

ನೀರಿನ ಪ್ರಮಾಣವೂ ಸ್ಥಿರವಲ್ಲ. 2017ರ ಬೇಸಿಗೆಯಲ್ಲಿ ಮಟ್ಟ ತೀರಾ ಇಳಿದು ದಂಡೆಯ ಕೆಸರು ಬಯಲಾಯಿತು. 2021ರ ಅಕ್ಟೋಬರ್‌ನಲ್ಲಿ ಭಾರಿ ಮಳೆಗೆ ಕೆರೆ ಉಕ್ಕಿ ಮಾಲ್ ರಸ್ತೆಗೆ ನುಗ್ಗಿತು. ಹತ್ತಿರದ ಸೂಖಾತಾಲ್ ಎಂಬ ತಗ್ಗು ಮಳೆಗಾಲದಲ್ಲಿ ತುಂಬಿ, ನೆಲದೊಳಗಿಂದ ನೈನಿ ಕೆರೆಗೆ ನೀರು ಜಿನುಗಿಸುತ್ತದೆ. ಅಂಥ ಜಾಗಗಳಲ್ಲಿ ಕಟ್ಟಡ ಎದ್ದರೆ, ಸುರಿದ ಮಳೆ ಇಂಗದೆ ಒಮ್ಮೆಲೇ ಹರಿದುಹೋಗುತ್ತದೆ. ಬೇಸಿಗೆಗೆ ನೀರು ಉಳಿಯುವುದಿಲ್ಲ.

ನೀರು ಬೇಕಾಗುವುದೂ ಬೇಸಿಗೆಯಲ್ಲಿಯೇ, ಪ್ರವಾಸಿಗರು ಮುಗಿಬೀಳುವುದೂ ಬೇಸಿಗೆಯಲ್ಲಿಯೇ. ಮೇ, ಜೂನ್ ಬಿಟ್ಟು ಅಕ್ಟೋಬರ್ ನಂತರ ಹೋದರೆ ಹಿಮಶಿಖರಗಳೂ ನಿಚ್ಚಳವಾಗಿ ಕಾಣುತ್ತವೆ, ಕೆರೆಯ ಮೇಲಿನ ಭಾರವೂ ಇಳಿಯುತ್ತದೆ. ಕೋಣೆಯ ನಲ್ಲಿಯಲ್ಲಿ ಬರುವ ನೀರು ಬೆಳಿಗ್ಗೆ ದೋಣಿಯಲ್ಲಿ ಸುತ್ತಿದ ಅದೇ ಕೆರೆಯದು ಎಂಬ ನೆನಪಿದ್ದರೆ ಸಾಕು, ಬಳಕೆಯಲ್ಲಿ ಹಿಡಿತ ತಾನಾಗಿ ಬರುತ್ತದೆ.