ಮಲೆನಾಡಲ್ಲಿ ಬಾಡಿಗೆ ಮನೆ: ಯಾವ ಊರು, ಎಂಥ ಮನೆ?

ಬೆಂಗಳೂರು ಬಿಟ್ಟು ಮಲೆನಾಡಲ್ಲಿ ಬಾಡಿಗೆ ಮನೆ ಮಾಡ್ಬೇಕು ಅಂತಿದ್ದೀರಾ?
ಸಾಗರವೋ, ಹೊಸನಗರವೋ, ತೀರ್ಥಹಳ್ಳಿಯೋ?

ಮೊದಲು ಸಾಗರ.
ಮೂರರಲ್ಲಿ ಪೇಟೆಗೇ ರೈಲು ಬರೋದು ಇಲ್ಲಿಗೆ ಮಾತ್ರ.
ರಾತ್ರಿ ಬೆಂಗಳೂರಲ್ಲಿ ಹತ್ತಿದ್ರೆ,
ಬೆಳಿಗ್ಗೆ ಸಾಗರ ಜಂಬಗಾರು ಸ್ಟೇಷನ್.
ಆಗಾಗ ಆಫೀಸಿಗೆ ಹೋಗಿಬರೋರಿಗೆ ಇದೇ ಸುಲಭ.

ತೀರ್ಥಹಳ್ಳಿ, ತುಂಗೆಯ ದಡದ ಊರು.
ಆಗುಂಬೆ ಘಾಟಿ ಇಳಿದ್ರೆ ಉಡುಪಿ, ಮಣಿಪಾಲ.
ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ರೆ,
ಮಣಿಪಾಲದ ದೊಡ್ಡಾಸ್ಪತ್ರೆಗೆ ಹೋಗೋ ಈ ದಾರಿ ಮುಖ್ಯ.
ಪೇಟೆಯಲ್ಲಿ ಮನೆ ಸಿಗದಿದ್ರೆ
ಹೊಳೆಯಾಚೆ ಕುರುವಳ್ಳಿಯಲ್ಲೂ ಕೇಳಿ.

ಹೊಸನಗರ ಚಿಕ್ಕದು, ಗಲಾಟೆ ಇಲ್ಲ.
ಶರಾವತಿ ಹಿನ್ನೀರು ಹತ್ತಿರ, ಮಳೆಯೂ ಜೋರು.
ರೈಲು ಬೇಕಂದ್ರೆ ಇದೇ ತಾಲ್ಲೂಕಿನ ರಿಪ್ಪನ್‌ಪೇಟೆ ಕಡೆ ನೋಡಿ.
ಅರಸಾಳು ಸ್ಟೇಷನ್ ಅಲ್ಲಿಗೆ ಹತ್ತಿರ.

ಊರು ಆಯ್ತು. ಈಗ ಮನೆ.
ಬೇಸಿಗೆಯಲ್ಲಿ ಮಲೆನಾಡಿನ ಮನೆ ನೋಡೋದು,
ಬಿಸಿಲಲ್ಲಿ ಹಳೇ ಛತ್ರಿ ಕೊಂಡ ಹಾಗೆ.
ತೂತು ಎಲ್ಲಿದೆ ಅಂತ ಗೊತ್ತೇ ಆಗಲ್ಲ!

ಹಾಗಾಗಿ ಜುಲೈನಲ್ಲಿ ಬನ್ನಿ.
ಬೀರುವಿನ ಹಿಂದೆ ಕೈ ಹಾಕಿ, ಗೋಡೆ ಮುಟ್ಟಿ ನೋಡಿ.
ಥಂಡಿ ಹೊಡೆದಿದ್ಯಾ? ಬೂಷ್ಟು ಹಿಡಿದಿದ್ಯಾ?
ಹಿತ್ತಲಿಗೆ ಹೋಗಿ.
ಗೋಡೆಗೆ ಒತ್ತಿಕೊಂಡೇ ಎತ್ತರದ ದರೆ, ಅಂದ್ರೆ ಮಣ್ಣಿನ ದಿಬ್ಬ ಇದ್ರೆ,
ಆ ಮನೆ ಬೇಡ.
ಜಡಿಮಳೆಗೆ ದರೆ ಕುಸಿಯುತ್ತೆ.

ಬಟ್ಟೆ ಒಣಗಿಸೋಕೆ ಮಾಡಿನಡಿ ಜಾಗ ಇದ್ಯಾ?
ಕರೆಂಟ್ ಹೋದಾಗ ನೆಟ್‌ವರ್ಕೂ ಹೋಗುತ್ತಾ?
ಇದನ್ನ ಓನರ್ ಹತ್ರ ಅಲ್ಲ,
ಪಕ್ಕದ ಮನೆಯವರ ಹತ್ರ ಕೇಳಿ.

ಇಷ್ಟೆಲ್ಲ ನೋಡಿ,
ಆಮೇಲೆ ಅಡ್ವಾನ್ಸ್ ಕೊಡಿ.
ಮಳೆಗಾಲಕ್ಕೆ ಸೈ ಅನ್ನಿಸಿದ ಮನೆ,
ವರ್ಷವಿಡೀ ಸೈ.