ಶಾಲಾ ತನಿಖೆ ಮತ್ತು ಉಪಾಧ್ಯಾಯರಿಗೆ ನೆರವು: ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳನ್ನು ಕುರಿತು ಒಂದು ವಿವೇಚನೆ

ಉಪಾಧ್ಯಾಯರಿಗೆ ತರಬೇತಿ ಕೊಡುವುದು ಒಂದು ಕೆಲಸ. ತರಬೇತಿಯಲ್ಲಿ ಕಲಿತುದನ್ನು ಅವರು ತಮ್ಮ ತರಗತಿಯಲ್ಲಿ ಆಚರಣೆಗೆ ತರುವಾಗ ಜೊತೆಗಿದ್ದು ನೆರವಾಗುವುದು ಮತ್ತೊಂದು ಕೆಲಸ. ಇವೆರಡನ್ನೂ ಒಂದೇ ಎಂದು ಭಾವಿಸುವುದು ರೂಢಿಯಾಗಿದೆ. ಎರಡನೆಯ ಕೆಲಸಕ್ಕೆಂದೇ ಕೆಲವು ದೇಶಗಳಲ್ಲಿ ಬೋಧನಾ ಮಾರ್ಗದರ್ಶಕರನ್ನು ನೇಮಿಸುತ್ತಾರೆ. ನಮ್ಮಲ್ಲಿ ಅವರಿಗೆ ಅತಿ ಸಮೀಪವಾದ ಸ್ಥಾನದಲ್ಲಿರುವವರು ಸಮೂಹ ಸಂಪನ್ಮೂಲ ವ್ಯಕ್ತಿಗಳು, ಅಂದರೆ ಸಿ.ಆರ್.ಪಿ.ಗಳು. ಯಾದಗಿರಿ, ಶಹಾಪುರ ಮತ್ತು ಸುರಪುರ ಪ್ರದೇಶವನ್ನು ಮುಂದಿಟ್ಟುಕೊಂಡು ಈ ಸ್ಥಾನದ ಚರಿತ್ರೆಯನ್ನೂ ಸ್ವರೂಪವನ್ನೂ ವಿವೇಚಿಸುವುದು ಈ ಲೇಖನದ ಉದ್ದೇಶ.

ಮೊದಲು ಚರಿತ್ರೆಯನ್ನು ನೋಡೋಣ. ಬ್ರಿಟಿಷ್ ಪ್ರಾಂತಗಳಲ್ಲಿ 1854ರ ವುಡ್ ಸಾಹೇಬರ ಪತ್ರದ ತರುವಾಯ ಶಿಕ್ಷಣ ಇಲಾಖೆಗಳೂ ಅವುಗಳೊಡನೆ ಶಾಲಾ ತನಿಖಾಧಿಕಾರಿಗಳೂ ಬಂದರು. ನಮ್ಮ ಈ ಮೂರು ತಾಲ್ಲೂಕುಗಳು ನಿಜಾಮರ ಸಂಸ್ಥಾನದ ಗುಲಬರ್ಗಾ ಜಿಲ್ಲೆಗೆ ಸೇರಿದ್ದುವು. ಅಲ್ಲಿಯೂ ಸರ್ಕಾರದ ಇಲಾಖೆಯೇ ಶಾಲೆಗಳನ್ನು ತನಿಖೆ ಮಾಡಿಸುತ್ತಿದ್ದಿತು. ಮೇಲಿನ ತರಗತಿಗಳ ಬೋಧನೆ ಉರ್ದುವಿನಲ್ಲಿ, ಜನರ ಮಾತು ಬಹುಮಟ್ಟಿಗೆ ಕನ್ನಡ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತದೊಡನೆ ಸೇರಿತು. 1956ರ ನವೆಂಬರ್ 1ರಂದು ಈ ಪ್ರದೇಶ ಮೈಸೂರು ರಾಜ್ಯಕ್ಕೆ ಬಂದಿತು. ಬೋಧನೆಯ ಭಾಷೆ ಬದಲಾಯಿತು, ಇಲಾಖೆ ಬದಲಾಯಿತು. ಆದರೆ ಮೇಲಿನಿಂದ ಬಂದವನು ಹಾಜರಿ ಪುಸ್ತಕ ನೋಡಿ, ಕುಂದುಗಳನ್ನು ಬರೆದುಕೊಂಡು ಹೋಗುವವನು ಎಂಬ ಭಾವನೆ ಅಷ್ಟು ಸುಲಭವಾಗಿ ಬದಲಾಗಲಿಲ್ಲ.

ಈ ಭಾವನೆಯನ್ನು ತಿದ್ದಬೇಕೆಂಬ ವಿಚಾರ ಹೊಸದಲ್ಲ. 1952–53ರ ಮೊದಲಿಯಾರ್ ಆಯೋಗವು ತನಿಖಾಧಿಕಾರಿಯನ್ನು ಶೈಕ್ಷಣಿಕ ಸಲಹೆಗಾರನೆಂದು ಕರೆಯುವುದೇ ಉಚಿತವೆಂದು ಅಭಿಪ್ರಾಯಪಟ್ಟಿತು. 1964–66ರ ಕೊಠಾರಿ ಆಯೋಗವು ಆಡಳಿತದಿಂದ ಮಾರ್ಗದರ್ಶನವನ್ನು ಬೇರ್ಪಡಿಸಬೇಕೆಂದೂ, ನೆರೆಹೊರೆಯ ಶಾಲೆಗಳು ಒಂದು ಸಂಕೀರ್ಣವಾಗಿ ಪರಸ್ಪರ ನೆರವಾಗಬೇಕೆಂದೂ ಸೂಚಿಸಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು ಹುಟ್ಟಿದುವು. 1990ರ ದಶಕದ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮದಲ್ಲಿ ತಾಲ್ಲೂಕಿಗೊಂದು ಕ್ಷೇತ್ರ ಸಂಪನ್ಮೂಲ ಕೇಂದ್ರವೂ, ಅದರ ಕೆಳಗೆ ಹಲವು ಶಾಲೆಗಳಿಗೊಂದು ಸಮೂಹ ಕೇಂದ್ರವೂ ಬಂದುವು. 2001ರ ಸರ್ವ ಶಿಕ್ಷಾ ಅಭಿಯಾನವೂ 2018ರ ಸಮಗ್ರ ಶಿಕ್ಷಣ ಯೋಜನೆಯೂ ಈ ವ್ಯವಸ್ಥೆಯನ್ನೇ ಮುಂದುವರಿಸಿದುವು. ಸಿ.ಆರ್.ಪಿ.ಯು ಸ್ವತಃ ಉಪಾಧ್ಯಾಯ ವರ್ಗದಿಂದಲೇ ಆರಿಸಲ್ಪಟ್ಟವರು; ಆದುದರಿಂದ ಅವರನ್ನು ಅಧಿಕಾರಿ ಎನ್ನುವುದಕ್ಕಿಂತ ಸಹೋದ್ಯೋಗಿ ಎನ್ನುವುದೇ ಸಮಂಜಸ.

ಇಂಥವರ ನೆರವು ಏಕೆ ಬೇಕು? ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುವುದು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಪ್ರಾರಂಭವಾದ ನಲಿ-ಕಲಿ ಪದ್ಧತಿಯು 2009ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಲ್ಲೆಲ್ಲ ಜಾರಿಗೆ ಬಂದಿತು. ಇದರಲ್ಲಿ ಬೇರೆಬೇರೆ ತರಗತಿಗಳ ಮಕ್ಕಳು ಒಟ್ಟಿಗೆ ಕುಳಿತು, ಕಲಿಕೆಯ ಏಣಿಯನ್ನು ತಂತಮ್ಮ ವೇಗದಲ್ಲಿ ಏರುತ್ತಾರೆ. ನಮ್ಮ ಪ್ರದೇಶದಲ್ಲಿ ಕೆಲವು ಮಕ್ಕಳ ಮನೆಮಾತು ಲಂಬಾಣಿ, ಕೆಲವರದು ತೆಲುಗು ಅಥವಾ ಉರ್ದು. ಹತ್ತಿ ಬಿಡಿಸುವ ಕಾಲದಲ್ಲಿ ಕೆಲವರು ಶಾಲೆಗೆ ಬರುವುದಿಲ್ಲ. ಮತ್ತೆ ಕೆಲವರು ತಂದೆತಾಯಿಗಳೊಡನೆ ದೂರದ ನಗರಗಳಿಗೆ ಗುಳೆ ಹೋಗಿ ತಿಂಗಳುಗಳ ಮೇಲೆ ಮರಳುತ್ತಾರೆ. ಹಾಗೆ ಮರಳಿದ ಮಗುವನ್ನು ಏಣಿಯ ಯಾವ ಮೆಟ್ಟಿಲಿನಲ್ಲಿ ನಿಲ್ಲಿಸಬೇಕು? ಜಿಲ್ಲಾ ಕೇಂದ್ರದಲ್ಲಿ ನಡೆಯುವ ಐದು ದಿನಗಳ ತರಬೇತಿ ಈ ಪ್ರಶ್ನೆಗೆ ಉತ್ತರ ಕೊಡಲಾರದು. ಆ ಮಗುವಿನ ಓದನ್ನು ಉಪಾಧ್ಯಾಯರೊಡನೆ ಕುಳಿತು ಕೇಳಿ, ಅಗತ್ಯವಾದರೆ ತಾನೇ ಒಂದು ಪಾಠ ಮಾಡಿ ತೋರಿಸಿ, ತರಗತಿ ಮುಗಿದ ಮೇಲೆ ಚರ್ಚಿಸಿ, ಮುಂದಿನ ಭೇಟಿಯಲ್ಲಿ ಫಲವನ್ನು ಪರಿಶೀಲಿಸುವವರು ಮಾತ್ರ ಕೊಡಬಲ್ಲರು.

ಇದು ಕೇವಲ ನಂಬಿಕೆಯ ಮಾತಲ್ಲ. 2018ರಲ್ಲಿ ಪ್ರಕಟವಾದ, 60 ಅಧ್ಯಯನಗಳನ್ನು ಒಟ್ಟುಗೂಡಿಸಿದ ಅಮೆರಿಕದ ವಿದ್ವಾಂಸರ ವಿಶ್ಲೇಷಣೆಯಂತೆ, ಇಂಥ ಮಾರ್ಗದರ್ಶನದಿಂದ ಬೋಧನೆಯ ಗುಣ 0.49ರಷ್ಟೂ, ಮಕ್ಕಳ ಕಲಿಕೆ 0.18ರಷ್ಟೂ (ಮಾನಕ ವಿಚಲನೆಯ ಅಳತೆಯಲ್ಲಿ) ಹೆಚ್ಚಿದುವು. ದಕ್ಷಿಣ ಆಫ್ರಿಕದ ವಾಯವ್ಯ ಪ್ರಾಂತದಲ್ಲಿ ನಡೆದ ಪ್ರಯೋಗ ನಮಗೆ ಇನ್ನೂ ಹತ್ತಿರದ್ದು. ಅಲ್ಲಿ ಎರಡು ಗುಂಪಿನ ಶಾಲೆಗಳಿಗೆ ಒಂದೇ ಪಾಠಯೋಜನೆ ಕೊಟ್ಟು, ಒಂದು ಗುಂಪಿನ ಉಪಾಧ್ಯಾಯರನ್ನು ತರಬೇತಿಗೆ ಕರೆಸಲಾಯಿತು. ಇನ್ನೊಂದು ಗುಂಪಿನವರ ತರಗತಿಗಳಿಗೆ ಮಾರ್ಗದರ್ಶಕರೇ ಹೋದರು. ಎರಡು ವರ್ಷಗಳ ತರುವಾಯ ಎರಡನೆಯ ಗುಂಪಿನ ಮಕ್ಕಳು ಓದಿನಲ್ಲಿ ಪಡೆದ ಲಾಭ ಮೊದಲನೆಯದಕ್ಕಿಂತ ಸುಮಾರು ಎರಡು ಪಟ್ಟು. ಆದರೆ ಮೇಲಿನ ಅಮೆರಿಕದ ವಿಶ್ಲೇಷಣೆಯೇ ಒಂದು ಎಚ್ಚರಿಕೆಯನ್ನೂ ಕೊಡುತ್ತದೆ: ಕಾರ್ಯಕ್ರಮ ದೊಡ್ಡದಾದಷ್ಟೂ ಫಲ ಕುಗ್ಗುವುದು.

ಆ ಎಚ್ಚರಿಕೆ ನಮಗೆ ನೇರವಾಗಿ ಅನ್ವಯಿಸುತ್ತದೆ. ಯೋಜನೆಯ ಪ್ರಕಾರ ಸರಾಸರಿ 18 ಶಾಲೆಗಳಿಗೆ ಒಬ್ಬ ಸಿ.ಆರ್.ಪಿ. ತಿಂಗಳಲ್ಲಿ ಶಾಲೆ ನಡೆಯುವ ದಿನಗಳು 22 ಅಥವಾ 24. ಸಭೆಗಳಿಗೆ ನಾಲ್ಕು ದಿನ ಹೋದರೂ ಒಂದು ಶಾಲೆಗೆ ಒಂದು ದಿನ ಮಾತ್ರ ಉಳಿಯುವುದು. ಆ ದಿನವೂ ಬಿಸಿಯೂಟದ ಲೆಕ್ಕ, ಸಮವಸ್ತ್ರದ ವಿತರಣೆ, ಅಂಕಿಅಂಶಗಳ ನಮೂನೆ ಎಂದು ಹರಿದುಹೋದರೆ ಪಾಠ ನೋಡಲು ಸಮಯವೆಲ್ಲಿ? ಕಾಲದ ಅಭಾವಕ್ಕಿಂತ ದೊಡ್ಡ ಹಾನಿ ವಿಶ್ವಾಸದ ಅಭಾವ. ಲೆಕ್ಕ ಕೇಳಲು ಬಂದವರ ಮುಂದೆ ಯಾವ ಉಪಾಧ್ಯಾಯರೂ ತಮ್ಮ ಕಷ್ಟವನ್ನು ಬಿಚ್ಚಿಡುವುದಿಲ್ಲ. ಚೆನ್ನಾಗಿ ಓದುವ ಇಬ್ಬರು ಮಕ್ಕಳನ್ನು ಎಬ್ಬಿಸಿ ಓದಿಸುತ್ತಾರೆ. ಓದಲಾರದವರು ಹಿಂದಿನ ಸಾಲಿನಲ್ಲಿಯೇ ಉಳಿಯುತ್ತಾರೆ. ಕಷ್ಟ ಕಾಣದ ಕಡೆ ನೆರವೂ ತಲುಪದು.

ಬೇರೆ ದಾರಿಯ ಸುಳಿವು ಈ ಪ್ರದೇಶದಲ್ಲಿಯೇ ಇದೆ. ಈ ಶತಮಾನದ ಮೊದಲ ದಶಕದಲ್ಲಿ ಸುರಪುರ ತಾಲ್ಲೂಕಿನಲ್ಲಿ ರಾಜ್ಯ ಸರ್ಕಾರ, ಯುನಿಸೆಫ್ ಮತ್ತು ಅಜೀಂ ಪ್ರೇಮ್‌ಜಿ ಫೌಂಡೇಷನ್ ಕೂಡಿ ಮಗುಸ್ನೇಹಿ ಶಾಲೆಗಳ ಕಾರ್ಯಕ್ರಮವನ್ನು ನಡೆಸಿದುವು. ಆ ಸಂದರ್ಭದಲ್ಲಿ ಬೆಳೆದ ಶಿಕ್ಷಕರ ಕಲಿಕಾ ಕೇಂದ್ರದ ಮೂಲಭಾವ ಗಮನಾರ್ಹವಾದುದು: ಉಪಾಧ್ಯಾಯರು ಆಜ್ಞೆಯಿಂದಲ್ಲದೆ ಸ್ವಇಚ್ಛೆಯಿಂದ, ಶಾಲೆಯ ವೇಳೆಯ ಹೊರಗೆ ಬಂದು, ಪುಸ್ತಕ ಓದಿ, ತಮ್ಮ ಪಾಠದ ಕಷ್ಟಗಳನ್ನು ಚರ್ಚಿಸುವುದು. ಸಮೂಹ ಮಟ್ಟದ ಸಮಾಲೋಚನಾ ಸಭೆಗಳಲ್ಲಿಯೂ ಇದೇ ಭಾವ ನೆಲೆಗೊಂಡರೆ ಅವು ಸುತ್ತೋಲೆ ಓದುವ ಸಭೆಗಳಾಗದೆ ಉಳಿಯುವುವು.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು. ಸಿ.ಆರ್.ಪಿ.ಯ ಶಾಲಾಭೇಟಿಯ ದಿನದಲ್ಲಿ ಲೆಕ್ಕಪತ್ರದ ಕೆಲಸ ಇರಕೂಡದು. ಅವರು ತರಗತಿಯಲ್ಲಿ ಕಂಡುದು ಶಿಸ್ತುಕ್ರಮಕ್ಕೆ ಆಧಾರವಾಗಕೂಡದು. ಎಲ್ಲ ಶಾಲೆಗಳನ್ನೂ ಒಮ್ಮೊಮ್ಮೆ ಮುಟ್ಟಿಬರುವುದಕ್ಕಿಂತ, ನೆರವು ಹೆಚ್ಚು ಬೇಕಾದ ಕೆಲವು ತರಗತಿಗಳಿಗೆ ಮತ್ತೆ ಮತ್ತೆ ಹೋಗುವುದು ಲೇಸು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇಕಡ 75ನ್ನು ದಾಟಿದ್ದಾಗ ಯಾದಗಿರಿ ಜಿಲ್ಲೆಯದು ಶೇಕಡ 52ರಷ್ಟಿದ್ದು, ಎಲ್ಲ ಜಿಲ್ಲೆಗಳಿಗಿಂತ ಕೆಳಗಿದ್ದಿತು. ತನಿಖೆಯಿಂದ ಈ ಅಂತರವನ್ನು ಅಳೆಯಬಹುದು, ತುಂಬಲಾಗದು. ಮೊದಲಿಯಾರ್ ಆಯೋಗ ಬಯಸಿದ ಹೆಸರಿನ ಬದಲಾವಣೆಯನ್ನು ನಾವು ಮಾಡಿದ್ದೇವೆ; ಕೆಲಸದ ಬದಲಾವಣೆ ಇನ್ನೂ ಆಗಬೇಕಾಗಿದೆ.